ತಾಸುಗಳ ಜಮಾ-ಖರ್ಚು

ಜೂನ್ ತಿಂಗಳು ಬಂತೆಂದರೆ ನಮ್ಮ ಮನೆಗಳಲ್ಲಿ ಕಾಲೇಜಿನ ಮಾತು ಆರಂಭವಾಗುತ್ತದೆ. ಯಾವ ಕಾಲೇಜು, ಫೀ ಎಷ್ಟು, ಬಸ್ ಪಾಸಿಗೆ ಎಷ್ಟು ಎಂದು ಪೈಸೆ ಪೈಸೆಗೂ ಲೆಕ್ಕ ಹಾಕುತ್ತೇವೆ. ಆದರೆ ಮಗನಿಗೋ ಮಗಳಿಗೋ ಓದಲು ದಿನಕ್ಕೆ ಎಷ್ಟು ತಾಸು ಸಿಗುತ್ತದೆ ಎಂಬ ಲೆಕ್ಕವನ್ನು ಮಾತ್ರ ಯಾರೂ ಹಾಕುವುದಿಲ್ಲ. ಕೀರ್ದಿ-ಖಾತೆಗಳಲ್ಲಿಯೇ ಬೆಳೆದ ಮನೆತನಗಳಲ್ಲಿ ಹೀಗಾಗುವುದು ಆಶ್ಚರ್ಯವೇ ಸರಿ.

ಮೊದಲು ಬೇಡಿಕೆ ಎಷ್ಟೆಂದು ನೋಡೋಣ. 2023ರಲ್ಲಿ ಪ್ರಕಟವಾದ ರಾಷ್ಟ್ರೀಯ ಕ್ರೆಡಿಟ್ ಚೌಕಟ್ಟಿನ ಪ್ರಕಾರ ಒಂದು ಕ್ರೆಡಿಟ್ ಎಂದರೆ 30 ತಾಸಿನ ಕಲಿಕೆ. ವರ್ಷಕ್ಕೆ 40 ಕ್ರೆಡಿಟ್, ಅಂದರೆ 1200 ತಾಸು. ಒಂದು ಸೆಮಿಸ್ಟರಿನ ಪಾಲಿಗೆ 600 ತಾಸು. ಪಾಠ ನಡೆಯುವುದು 15 ವಾರವೆಂದು ಹಿಡಿದರೆ ವಾರಕ್ಕೆ 40 ತಾಸು ಆಯಿತು. ತರಗತಿಗಳಲ್ಲಿ 25 ತಾಸು ಹೋದರೂ ಇನ್ನು 15 ತಾಸು ಮನೆಯಲ್ಲಿಯೇ ಕೂತು ತೀರಿಸಬೇಕು. ಇದು ಪರೀಕ್ಷೆಯ ಮುಂಚಿನ ವಾರದ ಮಾತಲ್ಲ, ಪ್ರತಿ ವಾರದ ಬಾಕಿ.

ಈಗ ಅಕ್ಕಲಕೋಟೆಯಿಂದ ಸೊಲ್ಲಾಪುರಕ್ಕೆ ಹೋಗಿಬರುವ ಒಬ್ಬ ಬಿ.ಕಾಂ. ವಿದ್ಯಾರ್ಥಿಯ ದಿನವನ್ನು ನೋಡಿರಿ. ಹೋಗಲು ಹತ್ತಿರ ಹತ್ತಿರ ನಲವತ್ತು ಕಿಲೋಮೀಟರು. ಬಸ್ಸಿಗೆ ಕಾಯುವುದೂ ಸೇರಿ ಹೋಗಿಬರಲು ಎರಡೂವರೆ ತಾಸಾದರೂ ಬೇಕು. ಮಧ್ಯಾಹ್ನ ಮೂರಕ್ಕೆ ಮನೆ ಸೇರಿದವನು ನಾಲ್ಕಕ್ಕೆ ಅಂಗಡಿಯಲ್ಲಿರುತ್ತಾನೆ. ಸಂಜೆ ಸೂರ್ಯಾಸ್ತದೊಳಗೆ ಊಟ ಮುಗಿಸಿ ಮತ್ತೆ ಗಲ್ಲೆಯ ಮೇಲೆ ಕೂತರೆ ಅಂಗಡಿ ಮುಚ್ಚುವಾಗ ರಾತ್ರಿ ಎಂಟೂವರೆ. ಆಮೇಲೆ ಪುಸ್ತಕ ಹಿಡಿದರೆ ಒಂದು ತಾಸಿನಲ್ಲಿ ಕಣ್ಣು ಎಳೆಯುತ್ತದೆ. ಅದರಲ್ಲಿಯೂ ಅರ್ಧ ಮೊಬೈಲಿನ ಪಾಲು. ಹುಡುಗ ಸೋಮಾರಿಯೇನೂ ಅಲ್ಲ. ಅವನ ಬಳಿ ದಾಸ್ತಾನೇ ಇಲ್ಲ.

ನಮ್ಮ ಗಡಿಭಾಗದ ಮಕ್ಕಳಿಗೆ ಇನ್ನೊಂದು ತೊಡಕಿದೆ, ಅದನ್ನು ಹೊರಗಿನವರು ಗಮನಿಸುವುದಿಲ್ಲ. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮತ್ತು ಕಾಲೇಜಿನಲ್ಲಿ ಮರಾಠಿ, ಪುಸ್ತಕದಲ್ಲಿ ಇಂಗ್ಲಿಷ್. ಮೊದಲ ವರ್ಷ ಇಪ್ಪತ್ತು ಪುಟಗಳ ಒಂದು ಅಧ್ಯಾಯವನ್ನು ಗೆಳೆಯ ಒಂದು ತಾಸಿನಲ್ಲಿ ಮುಗಿಸಿದರೆ ಇವನಿಗೆ ಎರಡು ತಾಸು ಹಿಡಿಯಬಹುದು. ಇದು ಬುದ್ಧಿಯ ಕೊರತೆಯಲ್ಲ. ಆದರೆ ಗೆಳೆಯನ ವೇಳಾಪಟ್ಟಿಯನ್ನು ನಕಲು ಮಾಡಿ ಗೋಡೆಗೆ ಅಂಟಿಸಿಕೊಂಡರೆ ಮೂರನೆಯ ದಿನಕ್ಕೇ ಅದು ಮುರಿಯುತ್ತದೆ, ಹುಡುಗನ ಉಮೇದೂ ಅದರ ಜೊತೆಗೇ ಮುರಿಯುತ್ತದೆ.

ವೇಳಾಪಟ್ಟಿ ಮುರಿಯುವ ಈ ವಿಷಯವಾಗಿ ಕೆನಡಾದಲ್ಲಿ ಮನಃಶಾಸ್ತ್ರಜ್ಞರಾದ ಬ್ಯೂಲರ್, ಗ್ರಿಫಿನ್ ಮತ್ತು ರಾಸ್ ಎಂಬವರು ಒಂದು ಅಧ್ಯಯನ ಮಾಡಿ 1994ರಲ್ಲಿ ಪ್ರಕಟಿಸಿದ್ದಾರೆ. ಕೊನೆಯ ವರ್ಷದ ವಿದ್ಯಾರ್ಥಿಗಳನ್ನು, ನಿಮ್ಮ ಪ್ರಬಂಧ ಎಷ್ಟು ದಿನದಲ್ಲಿ ಮುಗಿಯುತ್ತದೆ ಎಂದು ಕೇಳಿದರು. ಸರಾಸರಿ 34 ದಿನ ಎಂಬ ಉತ್ತರ ಬಂತು. ನಿಜವಾಗಿ ಹಿಡಿದದ್ದು 55 ದಿನಕ್ಕೂ ಹೆಚ್ಚು. ಕಾರಣವೂ ಸ್ವಾರಸ್ಯಕರವಾಗಿದೆ. ಎಲ್ಲವೂ ಸುಸೂತ್ರವಾಗಿ ನಡೆದರೆ ಎಷ್ಟು ದಿನ ಎಂದು ಅವರು ಎಣಿಸಿದರೇ ಹೊರತು, ಹಿಂದಿನ ಸಲ ಇಂಥದೇ ಕೆಲಸಕ್ಕೆ ಎಷ್ಟು ಹಿಡಿದಿತ್ತು ಎಂದು ತಿರುಗಿ ನೋಡಲಿಲ್ಲ. ಹಳೆಯ ವ್ಯಾಪಾರಸ್ಥರು ದೀಪಾವಳಿಗೆ ಮಾಲು ತರಿಸುವಾಗ ಹೋದ ವರ್ಷದ ವಹಿಯನ್ನು ತೆಗೆದು ನೋಡುತ್ತಾರಲ್ಲ, ಬೇಕಾದದ್ದು ಅದೇ ಬುದ್ಧಿ.

ಆದುದರಿಂದ ವೇಳಾಪಟ್ಟಿ ಬರೆಯುವ ಮೊದಲು ಒಂದು ವಾರ ರೋಜಕೀರ್ದಿ ಬರೆಯಲಿ. ಎದ್ದದ್ದು, ಬಸ್ಸು, ತರಗತಿ, ಅಂಗಡಿ, ಮೊಬೈಲು, ಯಾವುದಕ್ಕೆ ಎಷ್ಟು ನಿಮಿಷ ಹೋಯಿತೋ ಅಷ್ಟನ್ನೇ. ಒಳ್ಳೆಯದು ಕೆಟ್ಟದ್ದು ಎಂಬ ಷರಾ ಬೇಡ, ತಂದೆಗೆ ತೋರಿಸಲೂ ಬೇಡ. ವಾರದ ಕೊನೆಗೆ ಕೂಡಿಸಿದರೆ ಸೋರಿಕೆ ಎಲ್ಲಿದೆ ಎಂದು ತಾನೇ ಕಾಣುತ್ತದೆ.

ಬಸ್ಸಿನ ತಾಸುಗಳನ್ನು ಪೂರ್ತಿ ನಷ್ಟದ ಖಾತೆಗೆ ಬರೆಯಬೇಕಾಗಿಲ್ಲ. ಅಲುಗಾಡುವ ಬಸ್ಸಿನಲ್ಲಿ ಓದುವುದು ಕಣ್ಣಿಗೆ ಹಿತವಲ್ಲ ನಿಜ. ಆದರೆ ನಿನ್ನೆ ಓದಿದ್ದನ್ನು ಪುಸ್ತಕ ಮುಚ್ಚಿ ನೆನಪಿಸಿಕೊಳ್ಳಲು ನಿಂತುಕೊಂಡರೂ ಅಡ್ಡಿಯಿಲ್ಲ. ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕ್ ಅವರು 2006ರಲ್ಲಿ ತೋರಿಸಿದ್ದು ಇದನ್ನೇ: ಮತ್ತೆ ಮತ್ತೆ ಓದಿದವರಿಗೆ ಐದು ನಿಮಿಷದ ನಂತರ ಹೆಚ್ಚು ನೆನಪಿತ್ತು, ಆದರೆ ಒಂದು ವಾರದ ನಂತರ ಹೆಚ್ಚು ನೆನಪಿದ್ದದ್ದು ಪುಸ್ತಕ ಮುಚ್ಚಿ ನೆನೆದವರಿಗೆ.

ಕೂತು ಓದುವುದಕ್ಕೆ ಇಟಲಿಯ ಫ್ರಾನ್ಸೆಸ್ಕೊ ಚಿರಿಲ್ಲೊ ಎಂಬವನು ತಾನು ವಿದ್ಯಾರ್ಥಿಯಾಗಿದ್ದಾಗ, 1980ರ ದಶಕದ ಕೊನೆಯಲ್ಲಿ, ಟೊಮೆಟೊ ಆಕಾರದ ಅಡುಗೆಮನೆಯ ಗಡಿಯಾರವನ್ನು ಇಟ್ಟುಕೊಂಡು ಒಂದು ಪದ್ಧತಿ ಮಾಡಿದ. 25 ನಿಮಿಷ ಒಂದೇ ಕೆಲಸ, ಆಮೇಲೆ ಐದು ನಿಮಿಷ ಬಿಡುವು. ನಮ್ಮ ಅಜ್ಜಿಯರ ಒಂದು ಘಳಿಗೆ 24 ನಿಮಿಷ. ಎರಡು ಘಳಿಗೆ ಕೂಡಿದರೆ ಸಾಮಾಯಿಕದ 48 ನಿಮಿಷ. ಅಷ್ಟು ಹೊತ್ತು ಅಲುಗದೆ ಕೂರುವ ಅಭ್ಯಾಸ ಮನೆಯಲ್ಲಿರುವಾಗ ಇಟಲಿಯ ಟೊಮೆಟೊ ಬೇಕೇ ಎಂದು ಹಿರಿಯರು ನಕ್ಕಾರು! ನಗಲಿ. ಆದರೆ ಮೊಬೈಲು ಮಾತ್ರ ಆ ಹೊತ್ತಿನಲ್ಲಿ ಬೇರೆ ಕೋಣೆಯಲ್ಲಿರಬೇಕು.

ಇನ್ನು ತಂದೆತಾಯಿಯರಿಗೆ. ಮಕ್ಕಳು ಅಂಗಡಿಯಲ್ಲಿ ಕೂರಬಾರದು ಎಂದು ನಾವು ಹೇಳುವವರಲ್ಲ. ಗಿರಾಕಿಯ ಜೊತೆ ಮಾತನಾಡಲು ಕಲಿಯುವುದು ಅಲ್ಲಿಯೇ. ಆದರೆ ಕರೆಯುವ ಹೊತ್ತು ಗೊತ್ತಿರಬೇಕು. ಜಿ.ಎಸ್.ಟಿ.ಯ ಮಾಸಿಕ ವಿವರ ತುಂಬುವವರಿಗೆ 11 ಮತ್ತು 20ನೆಯ ತಾರೀಖು ಪ್ರತಿ ತಿಂಗಳೂ ಬರುತ್ತವೆ. ಕಂಪ್ಯೂಟರ್ ಬಲ್ಲ ಮಗನನ್ನು 10ರ ರಾತ್ರಿ ಎಬ್ಬಿಸುವ ಬದಲು 5ನೆಯ ತಾರೀಖಿಗೇ ಬಿಲ್ಲುಗಳನ್ನು ಕೊಡಬಹುದು. ಮಗಳ ವಿಷಯದಲ್ಲಂತೂ ಲೆಕ್ಕವೇ ಇಲ್ಲ. ಚಳಿಗಾಲದಲ್ಲಿ ಆರಕ್ಕೆ ಮುಂಚೆಯೇ ಸೂರ್ಯ ಮುಳುಗುತ್ತಾನೆ, ಅಷ್ಟರೊಳಗೆ ಮನೆಮಂದಿಗೆಲ್ಲ ಅಡುಗೆಯಾಗಬೇಕು, ಕಾಲೇಜಿನಿಂದ ಬಂದವಳು ನೇರವಾಗಿ ಒಲೆಯ ಮುಂದೆ. ಅವಳ ಎರಡು ತಾಸು ಯಾವ ವಹಿಯಲ್ಲಿಯೂ ಜಮಾ ಆಗುವುದಿಲ್ಲ. ಅಣ್ಣತಮ್ಮಂದಿರು ಕಾಯಿಪಲ್ಲೆ ಹೆಚ್ಚಿಕೊಟ್ಟರೆ ಅಂಗಡಿಯ ಮಾನವೇನೂ ಹೋಗುವುದಿಲ್ಲ.

ಸಿ.ಎ. ಓದುವವರ ಮನೆಯಲ್ಲಿ ಇನ್ನೊಂದು ಮಾತು. ಫೌಂಡೇಶನ್ ಮತ್ತು ಇಂಟರ್‌ಮೀಡಿಯೆಟ್ ಪರೀಕ್ಷೆಗಳು 2024ರಿಂದ ವರ್ಷಕ್ಕೆ ಮೂರು ಸಲ ನಡೆಯುತ್ತಿವೆ, ಅದರಲ್ಲೊಂದು ಸೆಪ್ಟೆಂಬರಿನದು. ದಶಲಕ್ಷಣ ಪರ್ವವೂ ಹೆಚ್ಚಾಗಿ ಆ ದಿನಗಳ ಆಸುಪಾಸಿನಲ್ಲಿಯೇ. ಉಪವಾಸದ ಸಂಕಲ್ಪ, ಬಸದಿಯ ಕಾರ್ಯಕ್ರಮ, ಪರೀಕ್ಷೆ ಮೂರೂ ಒಂದೇ ವಾರಕ್ಕೆ ಬಂದಾಗ ಮಕ್ಕಳು ಬಾಯಿಬಿಟ್ಟು ಹೇಳಲಾರರು. ಪಂಚಾಂಗ ಕೈಗೆ ಬಂದ ದಿನವೇ ಎರಡು ತಾರೀಖುಗಳನ್ನೂ ತಾಳೆ ನೋಡಿ, ಸೆಪ್ಟೆಂಬರೋ ಜನವರಿಯೋ ಎಂದು ಮನೆಯವರೆಲ್ಲ ಕೂತು ನಿರ್ಧರಿಸುವುದು ಒಳ್ಳೆಯದು.

ಡಿಗ್ರಿಯ ಮಕ್ಕಳ ಮೊದಲ ಪರೀಕ್ಷೆ ಸಾಮಾನ್ಯವಾಗಿ ಅಕ್ಟೋಬರ್-ನವೆಂಬರಿನಲ್ಲಿ, ಅಂದರೆ ಅಂಗಡಿಯ ದೀಪಾವಳಿ ಗದ್ದಲದ ಹೊತ್ತಿಗೇ ಬರುತ್ತದೆ. ಆ ಮೂರು ವಾರಕ್ಕೆ ಹೆಚ್ಚಿನ ಒಬ್ಬ ಆಳನ್ನು ಇಟ್ಟುಕೊಂಡರೆ ಎಷ್ಟು ಖರ್ಚಾಗುತ್ತದೆ, ಎ.ಟಿ.ಕೆ.ಟಿ. ಬಿದ್ದು ಮತ್ತೆ ಫೀ ಕಟ್ಟಿ ಕೂತರೆ ಎಷ್ಟಾಗುತ್ತದೆ, ಎರಡನ್ನೂ ಒಂದೇ ಚೀಟಿಯಲ್ಲಿ ಬರೆದು ನೋಡಿರಿ. ಆ ಚೀಟಿಯನ್ನು ಜುಲೈಯಲ್ಲಿಯೇ ಬರೆಯಬೇಕು, ಏಕೆಂದರೆ ಅಕ್ಟೋಬರಿನಲ್ಲಿ ಹುಡುಕಿದರೆ ಆಳು ಸಿಗುವುದಿಲ್ಲ.