ಬೆರಳ ತುದಿಯ ಮಾತಿಗೂ ಲೆಕ್ಕವಿದೆ

ಕರಾವಳಿಯ ನಮ್ಮ ಯುವಕರ ವಾಟ್ಸಾಪ್ ತೆರೆದರೆ ಹಲವು ಭಾಷೆಗಳು ಒಟ್ಟಿಗೆ ಕಾಣುತ್ತವೆ. ಮನೆಯವರೊಡನೆ ಬ್ಯಾರಿ, ಗೆಳೆಯರೊಡನೆ ತುಳು, ಕನ್ನಡ, ಇಂಗ್ಲಿಷ್. ಇದು ದೋಷವಲ್ಲ. ಭಾಷೆಗಳ ವೈವಿಧ್ಯವನ್ನು ಪವಿತ್ರ ಕುರ್‌ಆನ್ ಅಲ್ಲಾಹನ ದೃಷ್ಟಾಂತಗಳಲ್ಲಿ ಸೇರಿಸಿದೆ (30:22). ಆದರೆ ಇವೆಲ್ಲವೂ ಇಂಗ್ಲಿಷ್ ಅಕ್ಷರಗಳಲ್ಲೇ ಮೂಡುತ್ತಾ, ಕನ್ನಡ ಲಿಪಿ ನಮ್ಮ ಮಕ್ಕಳ ಬೆರಳುಗಳಿಂದ ದೂರವಾಗುತ್ತಿರುವುದು ಚಿಂತನಾರ್ಹ.

ಇತ್ತೀಚೆಗೆ ಊರಿನ ನಿವೃತ್ತ ಕನ್ನಡ ಅಧ್ಯಾಪಕರೊಬ್ಬರು ತೀರಿಕೊಂಡರು. ನಮ್ಮ ಮದ್ರಸದ ಮಕ್ಕಳನೇಕರು ಅವರ ಶಿಷ್ಯರು. ಹಳೆ ವಿದ್ಯಾರ್ಥಿಗಳ ಗ್ರೂಪಿನಲ್ಲಿ ಇಮೋಜಿಗಳೂ 'ಆರ್‌ಐಪಿ' ಎಂಬ ಮೂರಕ್ಷರಗಳೂ ತುಂಬಿದವು. ಒಬ್ಬ ಯುವಕ ಮಾತ್ರ, ಮಳೆಗಾಲದಲ್ಲಿ ಗುರುಗಳು ತನ್ನನ್ನು ಕೈಹಿಡಿದು ತೋಡು ದಾಟಿಸುತ್ತಿದ್ದುದನ್ನು ನಾಲ್ಕು ಸಾಲು ಕನ್ನಡದಲ್ಲಿ ಬರೆದಿದ್ದ. ನಾವು ಸಾಂತ್ವನ ಹೇಳಲು ಹೋದಾಗ ಗುರುಪತ್ನಿ ಆ ಸಾಲುಗಳನ್ನೇ ನಮಗೆ ಓದಿ ಹೇಳಿ ಕಣ್ಣೊರೆಸಿಕೊಂಡರು.

ವಿಷಯವು ಸ್ಪಷ್ಟವಾಗಲೆಂದೇ ಪ್ರತಿಯೊಬ್ಬ ಸಂದೇಶವಾಹಕರನ್ನು ಅವರ ಜನರ ಭಾಷೆಯಲ್ಲಿ ಕಳುಹಿಸಲಾಯಿತು (14:4). ಪ್ರವಾದಿವರ್ಯರು(ಸ) ಯಹೂದಿಯರ ಲಿಪಿ ಕಲಿಯುವಂತೆ ಹಝ್ರತ್ ಝೈದ್ ಬಿನ್ ಸಾಬಿತ್(ರ)ರಿಗೆ ಆದೇಶಿಸಿದರು. ಅವರು ಅರ್ಧ ತಿಂಗಳೊಳಗೆ ಅದನ್ನು ಕಲಿತು, ಪತ್ರ ಓದಿ ಬರೆಯುವ ಹೊಣೆ ಹೊತ್ತರೆಂದು ತಿರ್ಮಿದಿಯಲ್ಲಿದೆ. ಅನ್ಯರ ಲಿಪಿಗೇ ಇಷ್ಟು ಮಹತ್ವವಿದ್ದರೆ, ನಮ್ಮದೇ ಆದ ಕನ್ನಡದ ಮಾತೇನು? ಬ್ಯಾರಿ ಕೃತಿಗಳು ಇಂದು ಅಚ್ಚಾಗುವುದು ಕನ್ನಡ ಲಿಪಿಯಲ್ಲಿ. 'ಸನ್ಮಾರ್ಗ' ವಾರಪತ್ರಿಕೆ 1978ರಿಂದ ನಾಡಿನೊಡನೆ ಮಾತನಾಡಿದ್ದೂ ಈ ಲಿಪಿಯಲ್ಲೇ. ಲಿಪಿ ಕೈತಪ್ಪಿದರೆ ಈ ಬುತ್ತಿಯೂ ಕೈತಪ್ಪುತ್ತದೆ.

ನಮ್ಮ ಕುರಿತು ಸುಳ್ಳು ಹಬ್ಬಿಸುವವರು ಸ್ಫುಟವಾದ ಕನ್ನಡದಲ್ಲಿ ಬರೆಯುತ್ತಾರೆ. ಅದಕ್ಕೆ ನಮ್ಮ ಕೆಲವು ಯುವಕರ ಉತ್ತರವೋ ಇಂಗ್ಲಿಷ್ ಅಕ್ಷರಗಳ ಅರ್ಧ ವಾಕ್ಯ, ಇಲ್ಲವೇ ಬೈಗುಳ. ಇವೆರಡನ್ನೂ ಓದುವ ನೆರೆಮನೆಯವರು ಯಾರನ್ನು ನಂಬಿಯಾರು? ಪರಿಹಾಸ್ಯವನ್ನೂ ಅಡ್ಡಹೆಸರಿಡುವುದನ್ನೂ ಕುರ್‌ಆನ್ ನಿಷೇಧಿಸಿದೆ (49:11). ಆ ನಿಷೇಧಕ್ಕೆ ಮೊಬೈಲು ಹೊರತಲ್ಲ.

ತಪ್ಪು ಯುವಕರದ್ದಷ್ಟೇ ಅಲ್ಲ. ಅರಬಿ ಅಕ್ಷರದ ಉಚ್ಚಾರಣೆ ತಿದ್ದಲು ವರ್ಷಗಟ್ಟಲೆ ಶ್ರಮಿಸುವ ನಾವು ಉಸ್ತಾದರು, ಅದೇ ಮಕ್ಕಳ ಕನ್ನಡ ವಾಕ್ಯವನ್ನು ತಿದ್ದಿದ್ದು ಎಷ್ಟು ಸಲ? ಮದ್ರಸದ ರಜೆಯ ಸೂಚನೆಯನ್ನೂ ಇಂಗ್ಲಿಷ್ ಅಕ್ಷರಗಳಲ್ಲಿ ಕಳುಹಿಸಿದವರು ನಾವೇ. ಮೊದಲು ನಮ್ಮ ಸಂದೇಶಗಳು ಕನ್ನಡ ಲಿಪಿಗೆ ಮರಳಲಿ, ಮಕ್ಕಳು ಹಿಂಬಾಲಿಸುತ್ತಾರೆ.

ಆಡಿದ ಪ್ರತಿ ಮಾತನ್ನೂ ದಾಖಲಿಸುವ ಮಲಕ್‌ಗಳು ನಮ್ಮೊಂದಿಗಿದ್ದಾರೆ (50:18). 'ಡಿಲೀಟ್' ಒತ್ತಿದರೆ ಆ ದಾಖಲೆ ಅಳಿಯದು. ಒಳ್ಳೆಯದನ್ನು, ಎದುರಿನವರಿಗೆ ಅರ್ಥವಾಗುವಂತೆ ಬರೆಯುವ ಸೌಭಾಗ್ಯವನ್ನು ಅಲ್ಲಾಹನು ನಮಗೆಲ್ಲ ಕರುಣಿಸಲಿ. ಆಮೀನ್.