ಜೈಲಿನೊಳಗಿನ ಕ್ಯಾಲೆಂಡರ್

"ಜೈಲಿಗೆ ಹೋದವನಿಗೆ ಕೋರ್ಟು ಕೇಸು ಎಲ್ಲ ಯಾಕೆ ಮಾರಾಯ್ರೇ? ತಪ್ಪು ಮಾಡಿದ್ದಾನೆ, ಅನುಭವಿಸಲಿ." ಸಿಡ್ನಿಯಲ್ಲೂ ಮೆಲ್ಬರ್ನಿನಲ್ಲೂ ಈ ಮಾತು ನಮ್ಮವರ ಬಾಯಲ್ಲೇ ಕೇಳಿದ್ದೇನೆ. ನನಗೆ ಒಪ್ಪಿಗೆಯಿಲ್ಲ. ಜಡ್ಜ್ ಕೊಟ್ಟದ್ದು ಜೈಲು ಶಿಕ್ಷೆ. ಕಾಗದ ತಡವಾಗಿ ಮುಟ್ಟಿ ಹಕ್ಕು ಹೋಗುವುದು ಆ ಶಿಕ್ಷೆಯಲ್ಲಿ ಬರೆದಿಲ್ಲ.

ಸಿಡ್ನಿಯ ಕೈದಿ ಡಾರ್ಸಿ ಡುಗನ್ ಪತ್ರಿಕೆಯ ಮೇಲೆ ಮಾನನಷ್ಟ ದಾವೆ ಹಾಕಿದಾಗ, ಮರಣದಂಡನೆ ಜೀವಾವಧಿಗೆ ಇಳಿದಿದ್ದರೂ ಅವನಿಗೆ ದಾವೆಯ ಹಕ್ಕಿಲ್ಲ ಎಂದು 1978ರಲ್ಲಿ ಇಲ್ಲಿನ ಹೈಕೋರ್ಟ್ ಹೇಳಿತು. ಹೈಕೋರ್ಟ್ ಅಂದ್ರೆ ಇಲ್ಲಿ ಎಲ್ಲಕ್ಕಿಂತ ಮೇಲಿನ ಕೋರ್ಟು. 1981ರಲ್ಲಿ ನ್ಯೂ ಸೌತ್ ವೇಲ್ಸ್ ಕಾನೂನು ಬದಲಿಸಿತು. ಆದರೂ ಗಂಭೀರ ಅಪರಾಧದ ಕೈದಿ ದಾವೆ ಹೂಡಲು ಮೊದಲು ಕೋರ್ಟಿನ ಅನುಮತಿ ಬೇಕು. ಬಾಗಿಲು ತೆರೆದರು, ಕಾವಲುಗಾರನನ್ನು ಮಾತ್ರ ಅಲ್ಲೇ ಇಟ್ಟರು.

ನಮ್ಮಂಥ ವೀಸಾದವರದ್ದು ಇನ್ನೂ ಕಷ್ಟ. 12 ತಿಂಗಳು ಅಥವಾ ಹೆಚ್ಚಿನ ಶಿಕ್ಷೆಯಾಗಿ ಜೈಲಿನಲ್ಲಿದ್ದರೆ ವೀಸಾ ತಾನಾಗಿ ರದ್ದಾಗಬೇಕೆಂದು 2014ರ ಡಿಸೆಂಬರಿನಿಂದ ಕಾನೂನಿದೆ. ರದ್ದತಿ ಹಿಂದೆಗೆಯಿರಿ ಎಂದು ಕೇಳಲು 28 ದಿನ. ಅಧಿಕಾರಿ ಒಪ್ಪದಿದ್ದರೆ ಟ್ರಿಬ್ಯೂನಲ್ಲಿಗೆ ಹೋಗಲು 9 ದಿನ! ಎರಡಕ್ಕೂ ವಿಸ್ತರಣೆ ಇಲ್ಲ. ಅಷ್ಟರಲ್ಲಿ ಇಂಗ್ಲಿಷ್ ಕಾಗದ ಓದಿಸಬೇಕು, ಲಾಯರ್ ಹುಡುಕಬೇಕು, ಊರಿನಿಂದ ಹೆಂಡತಿ ಮಕ್ಕಳ ದಾಖಲೆ ತರಿಸಬೇಕು.

ಈಗ ನನ್ನ ಕೆಲಸದ ಲೆಕ್ಕ ಹೇಳ್ತೇನೆ. ಸ್ವತಃ ಟ್ಯಾಕ್ಸ್ ರಿಟರ್ನ್ ಹಾಕುವವರಿಗೆ ಅಕ್ಟೋಬರ್ 31. ಅಷ್ಟರೊಳಗೆ ಏಜೆಂಟರಲ್ಲಿ ಹೆಸರು ನೋಂದಾಯಿಸಿದರೆ ಸಾಮಾನ್ಯವಾಗಿ ಮುಂದಿನ ಮೇ 15ರವರೆಗೂ ಸಮಯ. ತಡವಾದರೆ ದಂಡ, ಸರಿಯಾದ ಕಾರಣವಿದ್ದರೆ ಅದೂ ಮನ್ನಾ. ವ್ಯಾಪಾರಿಯ ಕಾಗದಕ್ಕೆ ಇಷ್ಟು ಕರುಣೆ ಇರುವ ಸರ್ಕಾರಕ್ಕೆ, ಒಬ್ಬನ ಸಂಸಾರ ಒಡೆಯುವ ಕಾಗದಕ್ಕೆ ಯಾಕಿಲ್ಲ?

"ಗಡುವು ಇಲ್ಲದಿದ್ದರೆ ಕೇಸು ಮುಗಿಯುವುದೇ ಇಲ್ಲ" ಅಂತೀರಿ. ಗಡುವು ಬೇಡ ಅಂತ ನಾನೂ ಹೇಳುವುದಿಲ್ಲ. ವಿಸ್ತರಣೆಗೆ ಅವಕಾಶವೇ ಇಲ್ಲದ ಗಡುವು ಬೇಡ. 2007ರಲ್ಲಿ ಬದ್ರುದ್ದಜಾ ಪ್ರಕರಣದಲ್ಲಿ, ಬಾಂಗ್ಲಾದೇಶದ ಒಬ್ಬರು ಹಾಕಿದ ಅರ್ಜಿಯಲ್ಲೇ, ಹೈಕೋರ್ಟಿಗೆ ಬರಲು ಹಾಕಿದ್ದ ಇಂಥದ್ದೇ 84 ದಿನದ ಮಿತಿ ಸಂವಿಧಾನಕ್ಕೆ ವಿರುದ್ಧವೆಂದು ತೀರ್ಪಾಯಿತು. ಆಮೇಲೆ ಪಾರ್ಲಿಮೆಂಟ್ 35 ದಿನ ಇಟ್ಟು, ನ್ಯಾಯಕ್ಕೆ ಬೇಕೆನಿಸಿದರೆ ಕೋರ್ಟು ವಿಸ್ತರಿಸಬಹುದು ಎಂದಿತು. ಅಲ್ಲಿ ಆಗುವುದು 28 ಮತ್ತು 9 ದಿನದಲ್ಲಿ ಯಾಕಾಗಬಾರದು? 2024ರ ಮಿಲ್ಲರ್ ಪ್ರಕರಣ ನೋಡಿ. 9 ದಿನದೊಳಗೆ ಅರ್ಜಿ ಹಾಕಿದ್ದರೂ ಕಾರಣ ಬರೆದಿರಲಿಲ್ಲ ಎಂದು ಕೆಳಗೆ ಬಾಗಿಲು ಹಾಕಿದ್ದರು. ಅರ್ಜಿ ಅಷ್ಟಕ್ಕೇ ಅಸಿಂಧುವಲ್ಲ ಎಂದು ಹೇಳಿಸಲು ಆ ಮನುಷ್ಯ ಹೈಕೋರ್ಟಿನವರೆಗೆ ಹೋಗಬೇಕಾಯಿತು. ಎಷ್ಟು ಜನಕ್ಕೆ ಅಷ್ಟು ದೂರ ಹೋಗಲಿಕ್ಕಾಗುತ್ತದೆ?

ಅಮೆರಿಕದಲ್ಲಿ 1988ರಿಂದ, ಕೈದಿ ಮೇಲ್ಮನವಿಯ ನೋಟಿಸನ್ನು ಜೈಲಿನವರ ಕೈಗೆ ಕೊಟ್ಟ ದಿನವೇ ಕೋರ್ಟಿಗೆ ಕೊಟ್ಟ ದಿನ. ನಮ್ಮ ದೇಶದಲ್ಲೂ ಕೈದಿ ಕ್ರಿಮಿನಲ್ ಅಪೀಲನ್ನು ಜೈಲಧಿಕಾರಿಗೆ ಕೊಡಬಹುದು, ಕೋರ್ಟಿಗೆ ಕಳಿಸುವ ಹೊಣೆ ಅವರದ್ದು. ಇಲ್ಲೂ ಅಂಥ ನಿಯಮ ಬರಲಿ, ವಿಸ್ತರಣೆಯ ಅಧಿಕಾರವೂ ಇರಲಿ. ನಮ್ಮ ಸಂಘಟನೆಗಳು ಇಫ್ತಾರಿಗೆ ಎಂಪಿಗಳನ್ನು ಕರೆದು ಫೋಟೋ ತೆಗೆಸಿಕೊಳ್ಳುತ್ತವಲ್ಲ, ಆಗ ಇದನ್ನೂ ಒಂದು ಕಾಗದದಲ್ಲಿ ಬರೆದು ಕೈಗೆ ಕೊಡಲಿ.

ಅಲ್ಲಿವರೆಗೆ, ಒಳಗಿರುವವರ ಮನೆಯವರೇ, ಕಾಗದ ಬಂತು ಅಂದ ಕೂಡಲೇ ಕೇಳಿ: ಕೈಗೆ ಕೊಟ್ಟದ್ದು ಯಾವ ದಿನ? ಕವರ್ ಬಿಸಾಡಲು ಬಿಡಬೇಡಿ. ಅದೇ ದಿನ ಲೀಗಲ್ ಏಡ್‌ಗೆ ಫೋನ್ ಮಾಡಿ. ಹೊರಗಿರುವವರೂ ನೆನಪಿಡಿ, ಕೆಲಸದಿಂದ ಅನ್ಯಾಯವಾಗಿ ತೆಗೆದರೆ ಫೇರ್ ವರ್ಕ್ ಕಮಿಷನ್ನಿಗೆ ಅರ್ಜಿ ಹಾಕಲು 21 ದಿನ ಮಾತ್ರ, ಅದರಲ್ಲಿ ಶನಿವಾರ ಭಾನುವಾರವೂ ಸೇರಿದೆ.