ಆಸ್ಪತ್ರೆಯ ಮಡಿ

ಶಸ್ತ್ರಕ್ರಿಯೆಯಾಗಿ ಗುಣಹೊಂದಿದ ರೋಗಿಯು ಮನೆಗೆ ಬಂದಾಗ ಮನೆಯವರು ಮೊದಲು ದೇವರನ್ನೂ ಅನಂತರ ಡಾಕ್ಟರರನ್ನೂ ನೆನೆಯುತ್ತಾರೆ. ಸೌಜನ್ಯವುಳ್ಳವರು ದಾದಿಯರನ್ನೂ ಮರೆಯುವದಿಲ್ಲ. ಇದು ಯೋಗ್ಯವೇ ಆಗಿದೆ. ಆದರೆ ಡಾಕ್ಟರರ ಕೈಯಲ್ಲಿದ್ದ ಕತ್ತರಿ ಇಕ್ಕುಳಗಳನ್ನು ಹಿಂದಿನ ರೋಗಿಯ ರಕ್ತದಿಂದ ಬಿಡಿಸಿ, ನಿರ್ಜಂತುವಾಗಿ ಮಾಡಿ ಒದಗಿಸಿದವರು ಯಾರೆಂದು ಕೇಳಿದವರನ್ನು ನಾವು ಇನ್ನೂ ಕಂಡಿಲ್ಲ. ದೊಡ್ಡ ಆಸ್ಪತ್ರೆಗಳಲ್ಲಿ ಇದಕ್ಕೆಂದೇ ಸೆಂಟ್ರಲ್ ಸ್ಟೆರೈಲ್ ಸಪ್ಲೈ ಡಿಪಾರ್ಟಮೆಂಟು ಎಂಬ ವಿಭಾಗವಿರುವದು. ಅಲ್ಲಿಯ ಟೆಕ್ನಿಶಿಯನ್ನರು ರೋಗಿಗೆ ಕಾಣಿಸುವದಿಲ್ಲ. ರೋಗಿಯ ಪ್ರಾಣವು ಮಾತ್ರ ಅವರ ಕೈಯಲ್ಲಿ ಹಾದುಹೋಗುವದು. ಅವರ ವಿಷಯವಾಗಿ ನಾಲ್ಕು ಮಾತು ಬರೆಯುವದು ಇಂದು ನಮ್ಮ ಕರ್ತವ್ಯವೆಂದು ಭಾವಿಸುತ್ತೇವೆ.

ಈ ವಿದ್ಯೆಯು ಬಹಳ ಹಳೆಯದಲ್ಲ. 1847ರಲ್ಲಿ ವಿಯೆನ್ನಾದ ಹೆರಿಗೆ ವಿಭಾಗದಲ್ಲಿ ಸೆಮ್ಮೆಲ್‌ವೈಸ್ ಎಂಬ ವೈದ್ಯನು ಕ್ಲೋರಿನ್ ಬೆರೆತ ಸುಣ್ಣದ ನೀರಿನಲ್ಲಿ ಕೈ ತೊಳೆದುಕೊಂಡ ಹೊರತು ಬಾಣಂತಿಯರನ್ನು ಮುಟ್ಟಕೂಡದೆಂದು ವಿಧಿಸಿದನು. ಸಾವುಗಳು ಥಟ್ಟನೆ ಇಳಿದವು. 1865ರಲ್ಲಿ ಗ್ಲಾಸ್ಗೋದಲ್ಲಿ ಲಿಸ್ಟರನು ಕಾರ್ಬಾಲಿಕ್ ಆಮ್ಲದಿಂದ ಗಾಯಗಳನ್ನು ಕೊಳೆಯದಂತೆ ಕಾಯ್ದನು. 1879ರಲ್ಲಿ ಪಾಶ್ಚರನ ಸಹಕಾರಿಯಾದ ಶಾಂಬರ್‌ಲಾನನು ಹಬೆಯನ್ನು ಒತ್ತಡದಲ್ಲಿ ಹಿಡಿದಿಡುವ ಆಟೊಕ್ಲೇವ್ ಯಂತ್ರವನ್ನು ರಚಿಸಿದನು. ಬರೀ ಕುದಿಯುವ ನೀರಿಗೆ ಸಾಯದ ಬೀಜಾಣುಗಳು ಈ ಹಬೆಗೆ ಸಾಯುವವು.

ಯಂತ್ರವಿದ್ದ ಮೇಲೆ ಕೆಲಸವು ಸುಲಭವೆಂದು ತಿಳಿಯುವವರು ಒಮ್ಮೆ ಆ ಕೋಣೆಯನ್ನು ನೋಡಬೇಕು. ಮಲಿನವಾದ ಉಪಕರಣಗಳು ಒಂದು ಬಾಗಿಲಿನಿಂದ ಒಳಬರುವವು, ಶುದ್ಧವಾದವು ಇನ್ನೊಂದರಿಂದ ಹೊರಹೋಗುವವು. ಎರಡೂ ಎಲ್ಲಿಯೂ ಕೂಡಕೂಡದು. ಒಣಗಿದ ರಕ್ತವು ಅಂಟಿದ್ದ ಇಕ್ಕುಳವನ್ನು ಎಷ್ಟು ಬೇಯಿಸಿದರೂ ನೆಚ್ಚುವಂತಿಲ್ಲ. ಕೊಳೆಯ ಮರೆಯಲ್ಲಿ ಜಂತುಗಳು ಬದುಕಿಕೊಳ್ಳುವವು. ಆದುದರಿಂದ ಕೀಲುಗಳನ್ನು ತೆರೆದು ಉಜ್ಜಿ, ನಳಿಗೆಗಳೊಳಗೆ ಕುಂಚ ಹಾಯಿಸಿ, ಭೂತಗನ್ನಡಿಯಲ್ಲಿ ನೋಡಿ, ಎಣಿಸಿ ಕಟ್ಟಬೇಕು. ಅನಂತರ ಯಂತ್ರದಿಂದ ಗಾಳಿಯನ್ನೆಲ್ಲ ಹೊರದೂಡಿ, ಹಬೆಯನ್ನು 121 ಅಂಶ ಸೆಂಟಿಗ್ರೇಡಿನಲ್ಲಿ ಕನಿಷ್ಠ 15 ನಿಮಿಷ, ಇಲ್ಲವೆ 134 ಅಂಶದಲ್ಲಿ ಕನಿಷ್ಠ 3 ನಿಮಿಷ ನಿಲ್ಲಿಸಬೇಕು. ಗಾಳಿಯು ಪೂರ್ಣವಾಗಿ ಹೊರಟಿತೋ ಇಲ್ಲವೋ ಎಂಬುದನ್ನು, 1963ರಲ್ಲಿ ಪ್ರಕಟವಾದ, ಬೌವಿ ಮತ್ತು ಡಿಕ್ ಎಂಬವರ ಹೆಸರಿನ ಪರೀಕ್ಷೆಯಿಂದ ಪ್ರತಿದಿನ ಕೆಲಸಕ್ಕೆ ಮುಂಚೆ ನೋಡಿಕೊಳ್ಳಬೇಕು. ಉಷ್ಣವನ್ನು ತಾಳದ ವಸ್ತುಗಳಿಗೆ ಎಥಿಲೀನ್ ಆಕ್ಸೈಡ್ ಅನಿಲವಿದೆ. ಅದು ಜಂತುಗಳನ್ನು ಕೊಲ್ಲುವಂತೆಯೇ ಎಚ್ಚರದಪ್ಪಿದ ಕೆಲಸಗಾರನಿಗೂ ವಿಷವಾದದ್ದು, ಅರ್ಬುದರೋಗಕ್ಕೆ ಕಾರಣವಾಗತಕ್ಕದ್ದು.

ಮಡಿ ಎಂಬ ಶಬ್ದವು ನಮ್ಮ ವಾಚಕರಿಗೆ ಹೊಸತಲ್ಲ. ನಮ್ಮ ಮನೆಗಳಲ್ಲಿ ಒದ್ದೆಯ ಮಡಿಯೇ ಮೇಲಾದ ಮಡಿ. ಈ ಕೋಣೆಯಲ್ಲಿ ಅದು ವಿಪರೀತ: ಯಂತ್ರದಿಂದ ಬಂದ ಗಂಟು ಒದ್ದೆಯಾಗಿದ್ದರೆ ಅದು ಮೈಲಿಗೆ. ತೇವವು ಹೊರಗಿನ ಜಂತುಗಳಿಗೆ ಒಳದಾರಿ ಮಾಡಿಕೊಡುವದರಿಂದ ಅದನ್ನು ಬಿಚ್ಚಿ ಮತ್ತೆ ಮೊದಲಿನಿಂದ ಸಿದ್ಧಪಡಿಸಬೇಕು. ಇನ್ನೂ ದೊಡ್ಡ ಭೇದವೊಂದಿದೆ. ಹಳೆಯ ಮಡಿಯು ಹುಟ್ಟನ್ನು ನೋಡುತ್ತಿತ್ತು. ರಕ್ತವನ್ನು ಮುಟ್ಟಿ ತೊಳೆಯುವವನನ್ನು ಹೊಸ್ತಿಲಾಚೆ ನಿಲ್ಲಿಸುತ್ತಿತ್ತು. ಈ ಮಡಿಯು ಅಂಶಗಳನ್ನೂ ನಿಮಿಷಗಳನ್ನೂ ಅಲ್ಲದೆ ಬೇರೇನನ್ನೂ ನೋಡದು. ಇಲ್ಲಿ ತೊಳೆಯುವವನೇ ಮಡಿಯ ಅಧಿಕಾರಿ. ಬಟ್ಟೆ ಒಗೆಯುವ ಕಾಯಕದ ಮಡಿವಾಳ ಮಾಚಿದೇವನನ್ನು 12ನೆಯ ಶತಮಾನದಲ್ಲಿಯೇ ಶರಣರ ಮೊದಲ ಪಂಕ್ತಿಯಲ್ಲಿ ಕಂಡ ನಾಡು ನಮ್ಮದು. ಅಂಥ ನಾಡಿನಲ್ಲಿ ಈ ಕೆಲಸಗಾರನನ್ನು ಪಾತ್ರೆ ತೊಳೆಯುವ ಆಳಿನಂತೆ ಕಾಣುವದು ನಾಚಿಕೆಯ ಸಂಗತಿ.

ಹೀಗೆ ಕಾಣುವದರ ಫಲವೇನೆಂಬುದಕ್ಕೆ ಇಂಗ್ಲಂಡವೇ ಒಂದು ಪಾಠವನ್ನು ಕೊಟ್ಟಿದೆ. 1972ರ ಮಾರ್ಚದಲ್ಲಿ ಪ್ಲಿಮತ್ ನಗರದ ಡೆವನ್‌ಪೋರ್ಟ್ ಆಸ್ಪತ್ರೆಯಲ್ಲಿ ರಕ್ತನಾಳಕ್ಕೆ ಏರಿಸಿದ ಡೆಕ್ಸ್‌ಟ್ರೋಸ್ ದ್ರಾವಣದಿಂದಲೇ ವಿಷವೇರಿ ರೋಗಿಗಳು ಮಡಿದರು. ಸರಕಾರವು ನೇಮಿಸಿದ ಕ್ಲೋದಿಯರ್ ಸಮಿತಿಯು ಅದೇ ವರ್ಷ ಕಾರಣವನ್ನು ಹೊರಗೆಡಹಿತು. ಹಿಂದಿನ ವರ್ಷ ಕಾರಖಾನೆಯ ಆಟೊಕ್ಲೇವದಲ್ಲಿ ಗಾಳಿಯು ಉಳಿದುಕೊಂಡು, ಕೆಳಗಿದ್ದ ಬಾಟಲಿಗಳಿಗೆ ಬೇಕಾದ ತಾಪವು ಮುಟ್ಟಿರಲಿಲ್ಲ. ತಾಪವನ್ನು ಬರೆದಿಡುವ ಸಾಧನವು ಅದನ್ನು ತೋರಿಸಿತ್ತು. ಆದರೆ ಆ ಎಚ್ಚರಿಕೆಯನ್ನು ಯಾರೂ ಲಕ್ಷಿಸಲಿಲ್ಲ. ನಿರ್ಜಂತುಕರಣವು ಸುಲಭವಾದ ಕೆಲಸ, ಅಲ್ಪ ಕುಶಲತೆಯ ಆಳುಗಳು ಅಲ್ಪ ಮೇಲ್ವಿಚಾರಣೆಯಲ್ಲಿ ಮಾಡತಕ್ಕದ್ದು ಎಂಬ ತಪ್ಪು ಭಾವನೆಯು ಬಹು ಜನರಲ್ಲಿದೆಯೆಂದು ಸಮಿತಿಯು ಹೇಳಿತು. ಆ ಭಾವನೆಯು ನಮ್ಮಲ್ಲಿಯೂ ಇಲ್ಲವೆಂದು ಎದೆ ಮುಟ್ಟಿ ಹೇಳಬಲ್ಲೆವೇ?

ನಮ್ಮ ಪರಿಚಯದ ತರುಣನೊಬ್ಬನು ಒಂದು ಆಸ್ಪತ್ರೆಯಲ್ಲಿ ಈ ಕೆಲಸದಲ್ಲಿದ್ದಾನೆ. ಒಂದು ಮುಂಜಾನೆ ದಿನದ ಪರೀಕ್ಷೆಯ ಕಾಗದದಲ್ಲಿ ಬಣ್ಣವು ಸಮನಾಗಿ ಮೂಡಲಿಲ್ಲ. ಮೇಲೆ ರೋಗಿಗಳು ಕಾಯುತ್ತಿದ್ದರು. ಮೂರು ಸಲ ಟೆಲಿಫೋನು ಬಂದಿತು. "ನಿನ್ನೆ ಸರಿಯಾಗಿತ್ತಲ್ಲ" ಎಂದು ಗದರಿಸಿದರು. ಅವನು ಆ ಯಂತ್ರದಿಂದ ಒಂದು ಗಂಟನ್ನೂ ಕೊಡಲಿಲ್ಲ. ಎರಡು ತಾಸು ತಡವಾಯಿತೆಂದು ಅವನಿಗೆ ಜವಾಬು ಕೇಳುವ ಕಾಗದವು ಮುಟ್ಟಿತು. ಮರುದಿನ ಯಂತ್ರದ ಬಾಗಿಲಿನ ರಬ್ಬರು ಸೀಳಿದ್ದು ಕಂಡುಬಂದಿತು. ಕಾಗದವನ್ನು ಮಾತ್ರ ಯಾರೂ ಹಿಂತೆಗೆದುಕೊಳ್ಳಲಿಲ್ಲ. ತಡಮಾಡಿದ್ದಕ್ಕೆ ದಾಖಲೆಯುಂಟು, ಕಾಪಾಡಿದ್ದಕ್ಕೆ ದಾಖಲೆಯಿಲ್ಲ!

ತುರ್ತಿನ ರೋಗಿಗೆ ತಡವೂ ಮೃತ್ಯುವೇ ಎಂದು ಡಾಕ್ಟರರು ಹೇಳಬಹುದು. ಅದು ನಿಜ. ಆದರೆ ಅದಕ್ಕೆ ಪರಿಹಾರವು ಉಪಕರಣಗಳ ಜೊತೆಗಳನ್ನು ಹೆಚ್ಚಿಸುವದೇ ಹೊರತು ನಿಮಿಷಗಳನ್ನು ಕಡಿಮೆ ಮಾಡುವದಲ್ಲ.

2021ರಲ್ಲಿ ಪಾರ್ಲಿಮೆಂಟು ಆರೋಗ್ಯದ ಸಹಾಯಕ ವೃತ್ತಿಗಳಿಗಾಗಿ ರಾಷ್ಟ್ರೀಯ ಆಯೋಗದ ಕಾಯಿದೆಯನ್ನು ಮಾಡಿ, ಅನೇಕ ವೃತ್ತಿಗಳ ಶಿಕ್ಷಣಕ್ಕೂ ನೋಂದಣಿಗೂ ತಳಹದಿ ಹಾಕಿತು. ಇದು ಸ್ವಾಗತಾರ್ಹ. ಆದರೆ ಕಾಯಿದೆಯು ಪುಸ್ತಕದಲ್ಲಿದ್ದರೆ ಸಾಲದು. ಸರಕಾರದವರಲ್ಲಿಯೂ ಆಸ್ಪತ್ರೆಗಳ ಆಡಳಿತಗಾರರಲ್ಲಿಯೂ ನಮ್ಮ ವಿಜ್ಞಾಪನೆಯು ಮೂರು. ಶಿಕ್ಷಣ ಹೊಂದದವರನ್ನು ಕಂತ್ರಾಟಿನ ಮೇಲೆ ತಂದು ಈ ಕೋಣೆಯಲ್ಲಿ ನಿಲ್ಲಿಸಬಾರದು. ರಕ್ತವನ್ನೂ ಸೂಜಿಮೊನೆಯನ್ನೂ ದಿನವೂ ಮುಟ್ಟುವ ಈ ಜನರಿಗೆ ಹೆಪಟೈಟಿಸ್-ಬಿ ಲಸಿಕೆ, ಗಟ್ಟಿ ಕೈಚೀಲ, ತಕ್ಕ ವೇತನಗಳನ್ನು ಒದಗಿಸಬೇಕು. ಕಟ್ಟಕಡೆಗೆ, ಪರೀಕ್ಷೆ ತಪ್ಪಿದ ಗಂಟನ್ನು ಕೊಡೆನೆಂದು ಹೇಳುವ ಅಧಿಕಾರವು ಟೆಕ್ನಿಶಿಯನ್ನನಿಗೆ ಲಿಖಿತವಾಗಿ ಇರಬೇಕು. ಅತಿ ದೊಡ್ಡ ಸರ್ಜನ್ನರೂ ಅದನ್ನು ಮೀರಕೂಡದು.

ಅಡಿಗೆಯವನು ತಪ್ಪಿದರೆ ನಾಲಗೆಯು ತಿಳಿಸುವದು. ದರ್ಜಿಯು ತಪ್ಪಿದರೆ ಕನ್ನಡಿಯು ತಿಳಿಸುವದು. ನಿರ್ಜಂತುವಾದ ಕತ್ತರಿಗೂ ಆಗದ ಕತ್ತರಿಗೂ ಕಣ್ಣಿಗೆ ಭೇದವಿಲ್ಲ. ಭೇದವು ತಿಳಿಯುವದು ನಾಲ್ಕು ದಿನಗಳ ಮೇಲೆ, ರೋಗಿಯ ಜ್ವರದಲ್ಲಿ. ಅಲ್ಲಿಯ ವರೆಗೆ ನಮಗಿರುವ ಆಧಾರವು ಅಪರಿಚಿತನೊಬ್ಬನ ಮನಸ್ಸಾಕ್ಷಿ ಮಾತ್ರ. ಅದನ್ನು ಹೆದರಿಸಿ ಕೆಡಿಸಬಾರದೆಂದಷ್ಟೇ ನಮ್ಮ ಬೇಡಿಕೆ.